ಕರೆಂಟ್ ದರ ಏರಿಕೆ: ಎಷ್ಟು ಪೈಸೆ ಅನ್ನೋದು ಬಿಡಿ, ಬಿಲ್ಲಿನ ಯಾವ ಸಾಲಿನಲ್ಲಿ ಅಂತ ಕೇಳಿ

2025ರ ಮಾರ್ಚ್ ಕೊನೆಗೆ ಕರ್ನಾಟಕ ವಿದ್ಯುತ್ ನಿಯಂತ್ರಣ ಆಯೋಗ, ಅಂದರೆ ಕೆಇಆರ್‌ಸಿ, ಹೊಸ ದರದ ಆದೇಶ ಹೊರಡಿಸಿತು. ಮನೆಗಳಿಗೆ ಯೂನಿಟ್ ದರ 5.90 ರೂಪಾಯಿಯಿಂದ 5.80ಕ್ಕೆ ಇಳಿಯಿತು. ಹತ್ತು ಪೈಸೆ ಇಳಿಕೆ. ಕೇಳೋಕೆ ಚೆನ್ನಾಗಿಯೇ ಇತ್ತು. ಆದರೆ ಹೊಸ ದರದ ಮೊದಲ ಬಿಲ್ ಕೈಗೆ ಬಂದಾಗ ಕಟ್ಟಬೇಕಾದ ಮೊತ್ತ ಮಾತ್ರ ಏರಿತ್ತು.

ಮೀಟರ್ ರೀಡರ್ ತಪ್ಪು ಮಾಡಿರಲಿಲ್ಲ. ಅದೇ ಆದೇಶದಲ್ಲಿ ನಿಗದಿತ ಶುಲ್ಕ, ಅಂದರೆ ಕರೆಂಟ್ ಬಳಸಿದರೂ ಬಿಟ್ಟರೂ ತಿಂಗಳು ತಿಂಗಳು ಕಟ್ಟುವ ಮೊತ್ತ, ಕಿಲೋವಾಟ್‌ಗೆ 120 ರೂಪಾಯಿಯಿಂದ 145ಕ್ಕೆ ಏರಿತ್ತು. ಅದಕ್ಕೂ ಕೆಲವು ದಿನ ಮೊದಲು ಬಂದಿದ್ದ ಇನ್ನೊಂದು ಆದೇಶದಲ್ಲಿ, ನೌಕರರ ಪಿಂಚಣಿ ಮತ್ತು ಗ್ರಾಚ್ಯುಟಿ ಬಾಬ್ತಿಗೆ ಯೂನಿಟ್‌ಗೆ 36 ಪೈಸೆ ವಸೂಲಿ ಮಾಡಲು ಒಪ್ಪಿಗೆ ಸಿಕ್ಕಿತ್ತು. ಒಂದು ಸಾಲು ಇಳಿಯಿತು, ಇನ್ನೊಂದು ಏರಿತು, ಮೂರನೆಯದು ಹೊಸದಾಗಿ ಸೇರಿಕೊಂಡಿತು.

ಲೆಕ್ಕ ಹಾಕಿಯೇ ನೋಡೋಣ. ಮಂಜೂರಾದ ಲೋಡ್, ಅಂದರೆ ಸಂಪರ್ಕ ಪಡೆಯುವಾಗ ಬರೆಸಿಕೊಂಡ ಸಾಮರ್ಥ್ಯ, 3 ಕಿಲೋವಾಟ್ ಇರುವ ಮನೆ, ಗೃಹಜ್ಯೋತಿಯ ಉಚಿತ ಕರೆಂಟ್ ಇಲ್ಲ, ತಿಂಗಳಿಗೆ 100 ಯೂನಿಟ್ ಬಳಕೆ ಅಂತ ಇಟ್ಟುಕೊಳ್ಳಿ. ಹಳೆ ದರದಲ್ಲಿ ನಿಗದಿತ ಶುಲ್ಕ 360, ಯೂನಿಟ್ ಬಾಬ್ತು 590, ಒಟ್ಟು 950 ರೂಪಾಯಿ. ಹೊಸ ದರದಲ್ಲಿ ನಿಗದಿತ ಶುಲ್ಕ 435, ಯೂನಿಟ್ ಬಾಬ್ತು 580, ಪಿಂಚಣಿ ಬಾಬ್ತು 36, ಒಟ್ಟು 1,051. ತೆರಿಗೆ, ಇಂಧನ ಹೊಂದಾಣಿಕೆ ಶುಲ್ಕ ಎಲ್ಲ ಬಿಟ್ಟು ಹೇಳುತ್ತಿದ್ದೇನೆ. 101 ರೂಪಾಯಿ ಜಾಸ್ತಿ, ಅಂದರೆ ಸುಮಾರು ಶೇ 10.6.

ಅದೇ ಮನೆಯಲ್ಲಿ 300 ಯೂನಿಟ್ ಉರಿಸಿದರೆ? 2,130 ಇದ್ದದ್ದು 2,283 ಆಗುತ್ತದೆ. ಏರಿಕೆ ಶೇ 7ರ ಆಸುಪಾಸು. ಇನ್ನು ಬೀಗ ಹಾಕಿದ ಮನೆ, ಒಂದು ಯೂನಿಟ್ ಕೂಡ ಬಳಸಿಲ್ಲ ಅಂದರೆ 360 ಇದ್ದದ್ದು 435. ಹತ್ತಿರ ಹತ್ತಿರ ಶೇ 21 ಏರಿಕೆ. ಕಡಿಮೆ ಬಳಸಿದವರಿಗೆ ಶೇಕಡಾ ಲೆಕ್ಕದಲ್ಲಿ ಜಾಸ್ತಿ ಪೆಟ್ಟು.

ದರ ಏರಿಕೆ ಪ್ರಸ್ತಾವ ಬಂದಾಗಲೆಲ್ಲ ನಮ್ಮ ಚರ್ಚೆ ಪೈಸೆಯ ಸುತ್ತಲೇ ನಡೆಯುತ್ತದೆ. 30 ಪೈಸೆಯಂತೆ, 60 ಪೈಸೆಯಂತೆ, ಅಯ್ಯೋ ಅಷ್ಟೊಂದಾ, ಹೀಗೆ. ವಿದ್ಯುತ್ ಕಂಪನಿಯೂ ಅದೇ ಭಾಷೆಯಲ್ಲಿ ವಿವರಣೆ ಕೊಡುತ್ತದೆ: ಖರ್ಚು ಇಷ್ಟು, ಆದಾಯ ಇಷ್ಟು, ಕೊರತೆ ಇಷ್ಟು, ಹಾಗಾಗಿ ಯೂನಿಟ್‌ಗೆ ಸರಾಸರಿ ಇಷ್ಟು ಪೈಸೆ ಬೇಕು. ಲೆಕ್ಕ ಸರಿಯಾಗಿಯೇ ಇರಬಹುದು. ಆದರೆ ‘ಸರಾಸರಿ’ ಅನ್ನೋ ಗ್ರಾಹಕ ಎಲ್ಲೂ ಇಲ್ಲ. ಆ ಕೊರತೆ ಎಲ್ಲಿಂದ ಬಂತು, ಅದನ್ನು ಬಿಲ್ಲಿನ ಯಾವ ಸಾಲಿಗೆ ಹಾಕುತ್ತಾರೆ, ಆ ಸಾಲನ್ನು ತುಂಬುವವರು ಯಾರು ಅನ್ನುವುದೇ ಇಲ್ಲಿ ಮುಖ್ಯ.

ಅರ್ಜಿ ಹುಟ್ಟುವ ಬಗೆ

ಜನ ಈಗಲೂ ‘ಕೆಇಬಿಯವರು ರೇಟ್ ಜಾಸ್ತಿ ಮಾಡಿದ್ರು’ ಅಂತಾರೆ. ಆ ಮಂಡಳಿ 1999ರಲ್ಲೇ ಮುಗಿಯಿತು. ಅದರ ಜಾಗಕ್ಕೆ ಕೆಪಿಟಿಸಿಎಲ್ ಅನ್ನುವ ಸರ್ಕಾರಿ ನಿಗಮ ಬಂತು. 2002ರಲ್ಲಿ ವಿತರಣೆ ಕೆಲಸ ಬೇರೆಯಾಗಿ ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ, ಜೆಸ್ಕಾಂ ಹುಟ್ಟಿದವು. ಮೈಸೂರಿನ ಸೆಸ್ಕ್ ಆಮೇಲೆ ಸೇರಿತು. ಇವೆಲ್ಲ ಸೇರಿ ಎಸ್ಕಾಂಗಳು. ದರ ಏರಿಸುವ ಅಧಿಕಾರ ಇವುಗಳಿಗಿಲ್ಲ, ಸರ್ಕಾರಕ್ಕೂ ಇಲ್ಲ. 2003ರ ವಿದ್ಯುತ್ ಕಾಯ್ದೆಯ ಪ್ರಕಾರ ದರ ನಿಗದಿ ಆಯೋಗದ ಕೆಲಸ. ಎಸ್ಕಾಂ ಕೇಳಬಹುದು ಅಷ್ಟೇ.

ಏಪ್ರಿಲ್ 1ರಿಂದ ಹೊಸ ದರ ಬೇಕು ಅಂದರೆ ಸಾಮಾನ್ಯವಾಗಿ ಹಿಂದಿನ ನವೆಂಬರ್ ಕೊನೆಯೊಳಗೆ ಅರ್ಜಿ ಬೀಳಬೇಕು. ಅರ್ಜಿ ಸಿಕ್ಕ 120 ದಿನದೊಳಗೆ ಆಯೋಗ ಆದೇಶ ಕೊಡಬೇಕು ಅನ್ನುವುದು ಕಾಯ್ದೆಯ 64ನೇ ಸೆಕ್ಷನ್. ನಡುವೆ ಅರ್ಜಿಯ ಸಾರಾಂಶ ಪತ್ರಿಕೆಗಳಲ್ಲಿ ಪ್ರಕಟವಾಗಬೇಕು, ಜನರ ಆಕ್ಷೇಪಣೆ ತೆಗೆದುಕೊಳ್ಳಬೇಕು.

ಅರ್ಜಿ ನೋಡಿದರೆ ಸಾಮಾನ್ಯ ಓದುಗ ಹೆದರಿ ಪಕ್ಕಕ್ಕಿಡುವಷ್ಟು ದಪ್ಪ ಇರುತ್ತದೆ. ತಿರುಳು ಮಾತ್ರ ಒಂದೇ ಕೋಷ್ಟಕ. ವಾರ್ಷಿಕ ಕಂದಾಯ ಅಗತ್ಯ ಅಂತ ಅದಕ್ಕೆ ಹೆಸರು. ಕರೆಂಟ್ ಖರೀದಿ, ಪ್ರಸರಣ ಶುಲ್ಕ, ಸಂಬಳ ಮತ್ತು ರಿಪೇರಿ, ಸವಕಳಿ, ಸಾಲದ ಬಡ್ಡಿ, ಬಂಡವಾಳದ ಮೇಲೆ ಲಾಭಾಂಶ, ಎಲ್ಲ ಕೂಡಿಸುತ್ತಾರೆ. ಈಗಿನ ದರದಲ್ಲಿ ಬರುವ ಆದಾಯ ಕಳೆಯುತ್ತಾರೆ. ಹಿಂದಿನ ವರ್ಷದ ಅಂದಾಜಿಗೂ ನಿಜವಾದ ಖರ್ಚಿಗೂ ಇದ್ದ ವ್ಯತ್ಯಾಸವನ್ನೂ ಇಲ್ಲಿಗೇ ತಂದು ಸೇರಿಸುತ್ತಾರೆ. ಉಳಿದದ್ದೇ ಕೊರತೆ. ಅದನ್ನು ಮಾರುವ ಯೂನಿಟ್‌ಗಳಿಂದ ಭಾಗಿಸಿದರೆ ಪತ್ರಿಕೆಯಲ್ಲಿ ಬರುವ ಪೈಸೆ ಸಿಗುತ್ತದೆ.

ಕೇಳಿದಷ್ಟನ್ನೂ ಆಯೋಗ ಕೊಡುವುದಿಲ್ಲ. 2022ರಲ್ಲಿ ಸರಾಸರಿ 35 ಪೈಸೆ, 2023ರಲ್ಲಿ 70 ಪೈಸೆ ಕೊಟ್ಟಿತು. ಎರಡೂ ಸಲ ಎಸ್ಕಾಂಗಳು ಕೇಳಿದ್ದು ಅದಕ್ಕಿಂತ ಜಾಸ್ತಿಯೇ ಇತ್ತು. 2024ರ ಫೆಬ್ರವರಿಯಲ್ಲಂತೂ 100 ಯೂನಿಟ್ ದಾಟಿದ ಮನೆಗಳ ದರವನ್ನು 7 ರೂಪಾಯಿಯಿಂದ 5.90ಕ್ಕೆ ಇಳಿಸಿತು. ‘ಹೇಗೂ ಅರ್ಧ ಕತ್ತರಿಸ್ತಾರೆ, ಸ್ವಲ್ಪ ಜಾಸ್ತಿನೇ ಕೇಳೋಣ’ ಅನ್ನುವ ಲೆಕ್ಕಾಚಾರ ಅರ್ಜಿಯಲ್ಲಿ ಇರುವುದಿಲ್ಲ ಅಂತ ನಂಬಲು ನನಗೆ ಕಷ್ಟ.

ಬಳಸದ ಕರೆಂಟ್‌ಗೂ ದುಡ್ಡು

ಎಸ್ಕಾಂ ಖರ್ಚಿನಲ್ಲಿ ಸುಮಾರು ಮುಕ್ಕಾಲು ಪಾಲು ಕರೆಂಟ್ ಕೊಳ್ಳುವುದಕ್ಕೇ ಹೋಗುತ್ತದೆ. ಸಂಬಳ, ವಾಹನ, ಕಚೇರಿ ಅಂತ ನಾವು ಬೈಯುವ ಬಾಬ್ತುಗಳೆಲ್ಲ ಉಳಿದ ಪಾಲಿನೊಳಗೆ ಬರುತ್ತವೆ. ಹಾಗಾಗಿ ವಿವರಣೆಯಲ್ಲಿ ‘ಕಲ್ಲಿದ್ದಲು ತುಟ್ಟಿಯಾಯಿತು, ಖರೀದಿ ವೆಚ್ಚ ಏರಿತು’ ಅಂದಾಗ ಅದು ಸುಳ್ಳಲ್ಲ. ಆದರೆ ಅರ್ಧ ಕತೆ.

ಉಷ್ಣ ಸ್ಥಾವರದ ಜೊತೆ ಎಸ್ಕಾಂ ಮಾಡಿಕೊಳ್ಳುವ ಒಪ್ಪಂದ ಹೆಚ್ಚಾಗಿ 25 ವರ್ಷದ್ದು. ದರ ಎರಡು ಭಾಗ. ಒಂದು ಸಾಮರ್ಥ್ಯ ಶುಲ್ಕ, ಇನ್ನೊಂದು ಇಂಧನದ ವೆಚ್ಚ. ಮದುವೆಗೆ ಬಸ್ ಬುಕ್ ಮಾಡಿದ ಹಾಗೆ: ಡೀಸೆಲ್ ಓಡಿಸಿದಷ್ಟಕ್ಕೆ, ಬಾಡಿಗೆ ಮಾತ್ರ ಬಸ್ ಮನೆ ಮುಂದೆ ನಿಂತಿದ್ದರೂ ಕೊಡಬೇಕು. ಸ್ಥಾವರ ಸಿದ್ಧ ಇದೆ ಅಂದರೆ, ಎಸ್ಕಾಂ ‘ಇವತ್ತು ಬೇಡ’ ಅಂದರೂ ಸಾಮರ್ಥ್ಯ ಶುಲ್ಕ ನಿಲ್ಲುವುದಿಲ್ಲ.

ಕರ್ನಾಟಕದಲ್ಲಿ ಈ ‘ಬೇಡ’ ಅನ್ನುವ ಹೊತ್ತು ಜಾಸ್ತಿಯಾಗುತ್ತಿದೆ. ಪಾವಗಡದ ಸೌರ ಪಾರ್ಕ್ ಒಂದೇ 2,050 ಮೆಗಾವಾಟ್. ಬಿಸಿಲು ಚೆನ್ನಾಗಿದ್ದ ಮಧ್ಯಾಹ್ನ ಸೌರ ಕರೆಂಟ್ ಧಾರಾಳ. ಆಗ ರಾಯಚೂರು, ಬಳ್ಳಾರಿ, ಯರಮರಸ್ ಘಟಕಗಳ ಉತ್ಪಾದನೆ ತಗ್ಗಿಸಬೇಕಾಗುತ್ತದೆ. ಸಂಜೆ ಆರೂವರೆಗೆ ಸೂರ್ಯ ಹೋದ. ಮನೆಗಳಲ್ಲಿ ಲೈಟು, ಫ್ಯಾನು, ಎಸಿ ಒಟ್ಟಿಗೆ ಆನ್ ಆದವು. ಆಗ ಅದೇ ಉಷ್ಣ ಘಟಕ ಬೇಕು, ಶರಾವತಿ ನೀರು ಬೇಕು. ಅದೂ ಸಾಲದಿದ್ದರೆ ವಿದ್ಯುತ್ ವಿನಿಮಯ ಕೇಂದ್ರದಲ್ಲಿ ಕೊಳ್ಳಬೇಕು. ಅಲ್ಲಿ ಯೂನಿಟ್‌ಗೆ 10 ರೂಪಾಯಿ ಅನ್ನುವುದು 2023ರಿಂದ ಇರುವ ಗರಿಷ್ಠ ಮಿತಿ. ಬೇಡಿಕೆ ಬಿಗಿಯಾದ ಸಂಜೆಗಳಲ್ಲಿ ಬೆಲೆ ಆ ಮಿತಿ ಮುಟ್ಟುವುದುಂಟು. ಮಧ್ಯಾಹ್ನ ಅದೇ ಕೇಂದ್ರದಲ್ಲಿ ಎರಡು ಮೂರು ರೂಪಾಯಿಗೂ ಸಿಕ್ಕೀತು.

2023ರ ಬರ ಇದನ್ನು ಚೆನ್ನಾಗಿ ತೋರಿಸಿತು. ಮಳೆ ಕೈಕೊಟ್ಟಿತು, ಜಲಾಶಯ ತುಂಬಲಿಲ್ಲ, ಪಂಪ್‌ಸೆಟ್ ಓಡುವುದು ಜಾಸ್ತಿಯಾಯಿತು. ಅಕ್ಟೋಬರ್ ಹೊತ್ತಿಗೆ ಕೊರತೆ ಎದುರಾಗಿ, ರಾಜ್ಯದೊಳಗಿನ ಖಾಸಗಿ ಉತ್ಪಾದಕರು ರಾಜ್ಯಕ್ಕೇ ಕರೆಂಟ್ ಕೊಡಬೇಕು ಅಂತ ಸರ್ಕಾರ ಕಾಯ್ದೆಯ 11ನೇ ಸೆಕ್ಷನ್ ಬಳಸಿತು. ಉತ್ತರ ಪ್ರದೇಶ, ಪಂಜಾಬ್‌ಗಳಿಂದ ‘ಈಗ ಕೊಡಿ, ಆಮೇಲೆ ವಾಪಸ್ ಕೊಡ್ತೀವಿ’ ಅನ್ನುವ ವಿನಿಮಯವೂ ನಡೆಯಿತು.

ಹಾಗಾಗಿ ‘ಖರೀದಿ ವೆಚ್ಚ ಏರಿತು’ ಅಂದಾಗ ಮರುಪ್ರಶ್ನೆ ಹಾಕಬೇಕು. ಎಷ್ಟು ಯೂನಿಟ್ ಕರೆಂಟನ್ನು ಬೇಡ ಅಂದಿರಿ? ಅದಕ್ಕೆ ಎಷ್ಟು ಸಾಮರ್ಥ್ಯ ಶುಲ್ಕ ಕಟ್ಟಿದಿರಿ? ಸಂಜೆ ಎಷ್ಟು ಕೊಂಡಿರಿ, ಯಾವ ಬೆಲೆಗೆ? ಬೇಡಿಕೆಯ ಅಂದಾಜು ತಪ್ಪಿ ಬಂದ ಖರ್ಚೆಷ್ಟು, ಕಲ್ಲಿದ್ದಲು ಬೆಲೆಯಿಂದ ಬಂದದ್ದೆಷ್ಟು? ಎರಡಕ್ಕೂ ಬಿಲ್ಲಿನಲ್ಲಿ ಒಂದೇ ಹೆಸರು. ಆದರೆ ಒಂದು ಎಸ್ಕಾಂ ಕೈಯಲ್ಲಿಲ್ಲದ್ದು, ಇನ್ನೊಂದು ಅದರ ಯೋಜನೆಯ ತಪ್ಪು.

ಇದರ ಬಾಲದಂತೆ ಬರುವುದು ಇಂಧನ ಮತ್ತು ವಿದ್ಯುತ್ ಖರೀದಿ ವೆಚ್ಚ ಹೊಂದಾಣಿಕೆ ಶುಲ್ಕ. ವರ್ಷದ ಮೊದಲು ಮಾಡಿದ ಅಂದಾಜಿಗೂ ನಿಜ ವೆಚ್ಚಕ್ಕೂ ಇರುವ ವ್ಯತ್ಯಾಸವನ್ನು ತಿಂಗಳು ತಿಂಗಳು ವಸೂಲಿ ಮಾಡಲು 2022ರ ಕೊನೆಯಲ್ಲಿ ಕೇಂದ್ರ ನಿಯಮ ಬಂತು. ಕೆಲವು ತಿಂಗಳು ಇದು ಮೈನಸ್ ಬಂದು ಬಿಲ್ ಇಳಿದದ್ದೂ ಇದೆ. ಆದರೆ 2023ರ ಜೂನ್ ಯಾರೂ ಮರೆತಿಲ್ಲ. ಮೇ 10ಕ್ಕೆ ವಿಧಾನಸಭೆ ಮತದಾನ ಮುಗಿದಿತ್ತು, 13ಕ್ಕೆ ಎಣಿಕೆ. ನಡುವೆ 12ರಂದು ಆಯೋಗದ ಆದೇಶ ಬಂತು. ಜಾರಿ ಮಾತ್ರ ಏಪ್ರಿಲ್ 1ರಿಂದಲೇ. ಹಿಂದಿನ ಬಾಕಿ, ಹೊಸ ದರ, ಹೊಂದಾಣಿಕೆ ಶುಲ್ಕ ಮೂರೂ ಒಂದೇ ಬಿಲ್ಲಿನಲ್ಲಿ ಬಂದು ಬಿದ್ದವು. ಮೇಲಾಗಿ 100 ಯೂನಿಟ್ ದಾಟಿದರೆ ಮೊದಲ ಯೂನಿಟ್‌ನಿಂದಲೇ 7 ರೂಪಾಯಿ. ಉತ್ತರ ಕರ್ನಾಟಕದ ವ್ಯಾಪಾರ ಸಂಘಟನೆಗಳು ಬೀದಿಗಿಳಿದದ್ದು ಸುಮ್ನೆ ಅಲ್ಲ.

ಪಂಪ್‌ಸೆಟ್ ಲೆಕ್ಕದ ಮಬ್ಬು

ಎಸ್ಕಾಂ ವಿವರಣೆಯಲ್ಲಿ ಅತಿ ಕಡಿಮೆ ಮಾತಾಡುವ ಜಾಗ ಇದು. ನನ್ನ ಪ್ರಕಾರ ಅತಿ ಜಾಸ್ತಿ ಮಾತಾಡಬೇಕಾದ ಜಾಗವೂ ಇದೇ.

ರಾಜ್ಯದಲ್ಲಿ ಮಾರಾಟವಾಗುವ ಕರೆಂಟ್‌ನ ಸುಮಾರು ಮೂರನೇ ಒಂದು ಪಾಲು ನೀರಾವರಿ ಪಂಪ್‌ಸೆಟ್‌ಗಳಿಗೆ ಹೋಗುತ್ತದೆ. 10 ಅಶ್ವಶಕ್ತಿವರೆಗಿನ ಪಂಪ್‌ಸೆಟ್‌ಗೆ ರೈತರು ದುಡ್ಡು ಕೊಡಬೇಕಿಲ್ಲ, ಸರ್ಕಾರ ಕೊಡುತ್ತದೆ. ಅದು ಸರಿಯೋ ತಪ್ಪೋ ಅನ್ನುವುದು ಬೇರೆ ಚರ್ಚೆ. ಸಮಸ್ಯೆ ಇರುವುದು ಅಳತೆಯಲ್ಲಿ. ಈ ಪಂಪ್‌ಸೆಟ್‌ಗಳಲ್ಲಿ ಬಹುಪಾಲಿಗೆ ಓದಬಹುದಾದ ಮೀಟರ್ ಇಲ್ಲ. ಎಷ್ಟು ಬಳಸಿದರು ಅನ್ನುವುದನ್ನು ಫೀಡರ್ (ಸಬ್‌ಸ್ಟೇಷನ್‌ನಿಂದ ಹೊರಡುವ ಲೈನ್) ಲೆಕ್ಕದಿಂದ, ಆಯ್ದ ಟಿಸಿಗಳ (ಟ್ರಾನ್ಸ್‌ಫಾರ್ಮರ್‌ಗಳ) ರೀಡಿಂಗ್‌ನಿಂದ ಅಂದಾಜು ಮಾಡುತ್ತಾರೆ.

ಒಂದು ಕಾಲ್ಪನಿಕ ಹಳ್ಳಿ ಫೀಡರ್ ತೆಗೆದುಕೊಳ್ಳಿ. 100 ಯೂನಿಟ್ ಒಳಗೆ ಹೋಯಿತು. ಮನೆ, ಅಂಗಡಿ, ಹಿಟ್ಟಿನ ಗಿರಣಿ ಮೀಟರ್‌ಗಳಲ್ಲಿ 60 ಸಿಕ್ಕಿತು. ಉಳಿದ 40? ಒಂದಿಷ್ಟು ತಂತಿಯಲ್ಲಿ ಬಿಸಿಯಾಗಿ ಹೋಗಿರುತ್ತದೆ, ಒಂದಿಷ್ಟು ಕೊಕ್ಕೆ ಹಾಕಿದವರ ಪಾಲು, ಮಿಕ್ಕಿದ್ದು ಪಂಪ್‌ಸೆಟ್. ಮೊತ್ತ 40 ಅನ್ನುವುದು ಖಚಿತ. ಒಳಗಿನ ಹಂಚಿಕೆ ಮಾತ್ರ ಅಂದಾಜು. ನಷ್ಟ 10 ಅಂತ ಬರೆದರೆ ಪಂಪ್‌ಸೆಟ್ ಬಳಕೆ 30 ಆಗುತ್ತದೆ. ನಷ್ಟ ನಿಜವಾಗಿ 16 ಇದ್ದರೆ ಪಂಪ್‌ಸೆಟ್‌ದು 24 ಅಷ್ಟೇ. ನಡುವಿನ 6 ಯೂನಿಟ್ ರೈತರ ಹೆಸರಿನಲ್ಲಿ ಸಬ್ಸಿಡಿ ಲೆಕ್ಕಕ್ಕೆ ಹೋಗುತ್ತದೆ. ಎಸ್ಕಾಂ ದಕ್ಷವಾಗಿ ಕಾಣುತ್ತದೆ, ರೈತ ದುಂದುಗಾರನಾಗಿ ಕಾಣುತ್ತಾನೆ.

ಇದನ್ನು ಸರಿಪಡಿಸೋಕೆ ಪ್ರಯತ್ನ ಆಗಿಲ್ಲ ಅಂತಲ್ಲ. ನಿರಂತರ ಜ್ಯೋತಿ ಯೋಜನೆಯಲ್ಲಿ ಕೃಷಿ ಫೀಡರ್‌ಗಳನ್ನು ಊರಿನ ಫೀಡರ್‌ಗಳಿಂದ ಬೇರೆ ಮಾಡಿದರು. ಕೃಷಿ ಫೀಡರ್ ಪೂರ್ತಿ ಬೇರೆಯಾದ ಕಡೆ ಲೆಕ್ಕ ಸ್ವಲ್ಪ ತಿಳಿಯಾಗುತ್ತದೆ. ಫೀಡರ್‌ವಾರು ಆಡಿಟ್ ಕೊಡಿ ಅಂತ ಆಯೋಗ ಆದೇಶದಿಂದ ಆದೇಶಕ್ಕೆ ಹೇಳುತ್ತಲೇ ಬಂದಿದೆ. ಅದೇ ಮಾತನ್ನು ಮತ್ತೆ ಮತ್ತೆ ಹೇಳಬೇಕಾಗಿದೆ ಅನ್ನುವುದೇ ಕೆಲಸ ಎಷ್ಟಾಗಿದೆ ಅನ್ನುವುದಕ್ಕೆ ಸಾಕ್ಷಿ.

ನಷ್ಟದ ಬೆಲೆ ಎಷ್ಟು ಅಂತ ಗೊತ್ತಾಗಲು ಇನ್ನೊಂದು ಲೆಕ್ಕ ಹಾಕೋಣ. ಕೊಂಡ ಬೆಲೆ ಯೂನಿಟ್‌ಗೆ 5 ರೂಪಾಯಿ ಅಂತ ಸುಮ್ನೆ ಇಟ್ಟುಕೊಳ್ಳಿ. ದಾರಿಯಲ್ಲಿ ಶೇ 12 ಸೋರಿದರೆ, ಮನೆ ಮುಟ್ಟಿದ ಯೂನಿಟ್‌ನ ಬೆಲೆ 5.68 ಆಗುತ್ತದೆ. ಶೇ 10 ಸೋರಿದರೆ 5.56. ಎರಡು ಶೇಕಡಾ ನಷ್ಟ ತಗ್ಗಿದರೆ ಸುಮಾರು 12 ಪೈಸೆ ಉಳಿಯಿತು. ಹಳೆ ತಂತಿ ಬದಲಿಸಿ, ಓವರ್‌ಲೋಡ್ ಆದ ಟಿಸಿ ಪಕ್ಕ ಇನ್ನೊಂದು ಟಿಸಿ ಇಟ್ಟು, ಕೊಕ್ಕೆ ಕಿತ್ತು ಗಳಿಸಬಹುದಾದ 12 ಪೈಸೆ ಇದು. ಅರ್ಜಿಯಲ್ಲಿ ಇಷ್ಟು ಪೈಸೆ ಕೇಳಿದವರು, ಹೀಗೆ ಎಷ್ಟು ಪೈಸೆ ಉಳಿಸುತ್ತೇವೆ ಅನ್ನುವುದನ್ನೂ ಅಷ್ಟೇ ದಪ್ಪ ಅಕ್ಷರದಲ್ಲಿ ಹೇಳಬೇಕಲ್ವಾ?

ಸರ್ಕಾರದ ಪಾಲು, ಜನರ ಪಾಲು

ಯಾವುದೇ ವರ್ಗಕ್ಕೆ ರಿಯಾಯಿತಿ ಕೊಡಲು ಸರ್ಕಾರಕ್ಕೆ ಹಕ್ಕಿದೆ. ಆದರೆ ಸಬ್ಸಿಡಿ ದುಡ್ಡನ್ನು ಮುಂಗಡವಾಗಿ ಕೊಡಬೇಕು ಅನ್ನುತ್ತದೆ ಕಾಯ್ದೆಯ 65ನೇ ಸೆಕ್ಷನ್. ಕಾಗದದ ಮೇಲೆ ಇದು ಬಹಳ ಸ್ಪಷ್ಟ. ವಾಸ್ತವದಲ್ಲಿ ದುಡ್ಡು ತಡವಾಗುತ್ತದೆ. ಕುಡಿಯುವ ನೀರಿನ ಪಂಪು, ಬೀದಿದೀಪಗಳ ಬಿಲ್ಲನ್ನು ಸ್ಥಳೀಯ ಸಂಸ್ಥೆಗಳು ಬಾಕಿ ಉಳಿಸಿಕೊಳ್ಳುವುದೂ ಹೊಸದಲ್ಲ. ಇತ್ತ ಉತ್ಪಾದಕರಿಗೆ ಎಸ್ಕಾಂ ಹೊತ್ತಿಗೆ ಸರಿಯಾಗಿ ಕೊಡಲೇಬೇಕು. 2022ರ ಕೇಂದ್ರ ನಿಯಮದ ಪ್ರಕಾರ ತಡ ಮಾಡಿದರೆ ದಂಡ, ಇನ್ನೂ ತಡ ಮಾಡಿದರೆ ಹೊರಗಿನ ಮಾರುಕಟ್ಟೆಯಲ್ಲಿ ಕೊಳ್ಳುವುದಕ್ಕೇ ಕತ್ತರಿ. ಆಗ ಸಾಲ ಮಾಡದೆ ಬೇರೆ ದಾರಿ ಇಲ್ಲ.

ಗೃಹಜ್ಯೋತಿ ಬಂದ ಮೇಲೆ ದರ ಏರಿಕೆಯ ರಾಜಕೀಯವೇ ಬದಲಾಯಿತು. 2023ರ ಜುಲೈ ಬಳಕೆಯಿಂದ ಜಾರಿಗೆ ಬಂದ ಈ ಯೋಜನೆಯಲ್ಲಿ ಹಿಂದಿನ ವರ್ಷದ ಸರಾಸರಿ ಮತ್ತು ಅದರ ಮೇಲೆ ಶೇ 10ರಷ್ಟು ಬಳಕೆ ಉಚಿತ. ಮೇಲ್ಮಿತಿ 200 ಯೂನಿಟ್. ಕಡಿಮೆ ಬಳಸುವವರಿಗೆ ಶೇ 10ರ ಬದಲು 10 ಯೂನಿಟ್ ಅಂತ 2024ರಲ್ಲಿ ಸಡಿಲಿಸಿದರು. ಸೊನ್ನೆ ಬಿಲ್ ಬರುವ ಮನೆಗೆ ನಿಗದಿತ ಶುಲ್ಕ 120 ಆದರೇನು, 145 ಆದರೇನು? ಕಟ್ಟುವುದು ಸರ್ಕಾರ. ಅಂದರೆ ಪ್ರತಿ ಏರಿಕೆಯ ಒಂದು ದೊಡ್ಡ ಪಾಲು ರಾಜ್ಯದ ಬಜೆಟ್ಟಿಗೆ ಹೋಗಿ ಬೀಳುತ್ತದೆ. ಜನರಿಗೆ ಅದು ಕಾಣುವುದಿಲ್ಲ, ಹಾಗಾಗಿ ಗಲಾಟೆಯೂ ಇಲ್ಲ.

200 ದಾಟಿದವರಿಗೆ ಮಾತ್ರ ಚೆನ್ನಾಗಿ ಕಾಣುತ್ತದೆ. ಉಚಿತ ಮಿತಿ 200ರ ಹತ್ತಿರ ಇರುವ 3 ಕಿಲೋವಾಟ್ ಮನೆಯವರು ಬೇಸಿಗೆಯಲ್ಲಿ 201 ಯೂನಿಟ್ ಮುಟ್ಟಿದರೆ, 2025-26ರ ದರದಲ್ಲಿ ತೆರಿಗೆ ಬಿಟ್ಟು ಸುಮಾರು 1,670 ರೂಪಾಯಿ ಕಟ್ಟಬೇಕು. ಒಂದೇ ಒಂದು ಯೂನಿಟ್ ಆಚೀಚೆ. ಇದು ಆಯೋಗದ ತಪ್ಪಲ್ಲ, ಯೋಜನೆ ರೂಪಿಸಿದ ರೀತಿ ಹಾಗಿದೆ. ಆದರೆ ಬೈಗುಳ ತಿನ್ನುವುದು ಬಿಲ್ ಕೊಡಲು ಬಂದ ಮೀಟರ್ ರೀಡರ್.

ಇನ್ನು ಕೈಗಾರಿಕೆ, ವಾಣಿಜ್ಯ ಗ್ರಾಹಕರು. ಬಹಳ ವರ್ಷ ಇವರಿಂದ ಜಾಸ್ತಿ ವಸೂಲಿ ಮಾಡಿ ಮನೆ, ಕೃಷಿಯ ಹೊರೆ ಇಳಿಸುತ್ತಿದ್ದರು. ಈಗ ಅವರಿಗೆ ಬೇರೆ ದಾರಿ ಇದೆ: ಸ್ವಂತ ಸೌರ ಘಟಕ, ಓಪನ್ ಆಕ್ಸೆಸ್‌ನಲ್ಲಿ, ಅಂದರೆ ಎಸ್ಕಾಂ ಬಿಟ್ಟು ಬೇರೆಯವರಿಂದ, ಹೊರಗಿನ ಖರೀದಿ. ಜಾಸ್ತಿ ಕೊಡುವವರು ಒಬ್ಬೊಬ್ಬರೇ ಹೊರಟರೆ, ತಂತಿ ಮತ್ತು ಸಾಮರ್ಥ್ಯ ಶುಲ್ಕದ ಹೊರೆ ಉಳಿದವರ ಮೇಲೆ. 2024ರಲ್ಲಿ ಆಯೋಗ ಕೈಗಾರಿಕೆಗಳ ದರ ಇಳಿಸಿದ್ದನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಅವರನ್ನು ಉಳಿಸಿಕೊಳ್ಳುವುದು ಮನೆ ಗ್ರಾಹಕರಿಗೂ ಲಾಭವೇ, ಒಂದು ಹಂತದವರೆಗೆ.

ನಿಗದಿತ ಶುಲ್ಕದ ಕಡೆ ವಾಲುತ್ತಿರುವ ಬಿಲ್

ಈಗ ಮೊದಲಿನ ಮಾತಿಗೆ ಬರುತ್ತೇನೆ. 2023ರ 70 ಪೈಸೆ ಏರಿಕೆಯಲ್ಲಿ 57 ಪೈಸೆಯಷ್ಟು ಬಂದದ್ದು ನಿಗದಿತ ಶುಲ್ಕದ ಮೂಲಕ. ಯೂನಿಟ್ ದರದ ಮೂಲಕ ಬರೀ 13. 2025ರಲ್ಲಿ ಯೂನಿಟ್ ದರ ಇಳಿದು ನಿಗದಿತ ಶುಲ್ಕ ಏರಿತು, ಮುಂದಿನ ಎರಡು ವರ್ಷವೂ ಅದು ಏರುವಂತೆ ಅದೇ ಆದೇಶದಲ್ಲಿ ಬರೆದಾಗಿದೆ. ದಿಕ್ಕು ಯಾವ ಕಡೆ ಅನ್ನುವುದು ಗೊತ್ತಾಯಿತಲ್ಲ.

ಎಸ್ಕಾಂ ವಾದದಲ್ಲಿ ಹುರುಳಿಲ್ಲ ಅನ್ನಲಾಗದು. ಕಂಬ, ತಂತಿ, ಸಬ್‌ಸ್ಟೇಷನ್, ಲೈನ್‌ಮನ್ ಸಂಬಳ, ಸ್ಥಾವರಗಳ ಸಾಮರ್ಥ್ಯ ಶುಲ್ಕ, ಇವ್ಯಾವುದೂ ನೀವು ಈ ತಿಂಗಳು ಎಷ್ಟು ಯೂನಿಟ್ ಬಳಸಿದಿರಿ ಅನ್ನುವುದರ ಮೇಲೆ ನಿಂತಿಲ್ಲ. ಚಾವಣಿಯಲ್ಲಿ ಸೋಲಾರ್ ಹಾಕಿಸಿದವರ ಯೂನಿಟ್ ಬಿಲ್ ಸೊನ್ನೆಗೆ ಬರಬಹುದು, ಆದರೆ ರಾತ್ರಿ ಅವರಿಗೂ ಅದೇ ತಂತಿ ಬೇಕು. ಕೇಂದ್ರದ ಚಾವಣಿ ಸೋಲಾರ್ ಯೋಜನೆ ಪಿಎಂ ಸೂರ್ಯ ಘರ್‌ನಲ್ಲಿ 3 ಕಿಲೋವಾಟ್‌ಗೆ 78,000 ರೂಪಾಯಿ ಸಹಾಯಧನ ಸಿಗುತ್ತಿರುವಾಗ ಇಂಥ ಮನೆಗಳು ಇನ್ನೂ ಹೆಚ್ಚುತ್ತವೆ. ಖರ್ಚು ನಿಗದಿತ, ಆದಾಯ ಮಾತ್ರ ಬಳಕೆಯ ಮೇಲೆ ಅಂದರೆ ಕಂಪನಿ ನಡೆಯುವುದು ಕಷ್ಟ.

ಒಪ್ಪೋಣ. ಆದರೆ ಇದರ ಇನ್ನೊಂದು ಮುಖವನ್ನು ಯಾರೂ ವಿವರಿಸುವುದಿಲ್ಲ. ನಿಗದಿತ ಶುಲ್ಕ ನಿಂತಿರುವುದು ಮಂಜೂರಾದ ಲೋಡ್ ಮೇಲೆ. ಮನೆ ಕಟ್ಟುವಾಗ ಕಾಂಟ್ರಾಕ್ಟರ್ ‘ಇರಲಿ ಸಾರ್, ಮುಂದೆ ಬೇಕಾಗುತ್ತೆ’ ಅಂತ 5 ಕಿಲೋವಾಟ್ ಬರೆಸಿರುತ್ತಾರೆ. ಮಕ್ಕಳು ದೂರದ ಊರಿನಲ್ಲಿ, ಮನೆಯಲ್ಲಿ ಅಪ್ಪ ಅಮ್ಮ ಇಬ್ಬರೇ. ನಿಜವಾದ ಬೇಡಿಕೆ 2 ಕಿಲೋವಾಟ್ ದಾಟುವುದಿಲ್ಲ. ಆದರೂ 2025-26ರ ದರದಲ್ಲಿ ತಿಂಗಳಿಗೆ 725 ರೂಪಾಯಿ ನಿಗದಿತ ಶುಲ್ಕ ಲೆಕ್ಕಕ್ಕೆ ಬರುತ್ತದೆ. ದೀಪ ಆರಿಸಿ, ಎಲ್‌ಇಡಿ ಹಾಕಿ, ಗೀಸರ್ ಕಡಿಮೆ ಬಳಸಿ ಅಂತ ಇಷ್ಟು ವರ್ಷ ಹೇಳಿಕೊಟ್ಟ ಪಾಠಕ್ಕೆ ಈ ಸಾಲಿನಲ್ಲಿ ಬೆಲೆಯೇ ಇಲ್ಲ. ಉಳಿಸಿದರೂ ಅಷ್ಟೇ, ಉರಿಸಿದರೂ ಅಷ್ಟೇ.

ನಿಗದಿತ ಶುಲ್ಕ ಇರಲಿ, ಅದರ ಏರಿಕೆ ನಿಜವಾದ ಗರಿಷ್ಠ ಬೇಡಿಕೆಗೆ ಹೊಂದಿಕೊಂಡಿರಲಿ ಅನ್ನುವುದು ನನ್ನ ನಿಲುವು. ಈಗಿನ ಡಿಜಿಟಲ್ ಮೀಟರ್ ಗರಿಷ್ಠ ಬೇಡಿಕೆ ದಾಖಲಿಸುತ್ತದೆ. ಆ ಅಂಕಿ ಮಂಜೂರಾದ ಲೋಡ್‌ಗಿಂತ ಜಾಸ್ತಿ ಬಂದರೆ ಎಸ್ಕಾಂ ತಕ್ಷಣ ಗಮನಿಸುತ್ತದೆ, ದಂಡ ಹಾಕುತ್ತದೆ. ಕಡಿಮೆ ಇದ್ದರೆ ತಾನಾಗಿ ಹೇಳುವುದಿಲ್ಲ. ನಿಮ್ಮ ಲೋಡ್ ಅಗತ್ಯಕ್ಕಿಂತ ಜಾಸ್ತಿ ಇದ್ದರೆ ಉಪವಿಭಾಗದ ಕಚೇರಿಯಲ್ಲಿ ಇಳಿಸಲು ಅರ್ಜಿ ಹಾಕಬಹುದು. ಆದರೆ ಬೇಸಿಗೆ, ಹಬ್ಬದ ತಿಂಗಳ ಬೇಡಿಕೆಯನ್ನೂ ನೋಡಿ ಇಳಿಸಿ. ಆತುರದಲ್ಲಿ ಪೂರಾ ಇಳಿಸಿಬಿಟ್ಟರೆ ದಂಡದ ಸಾಲು ಬಂದು ಕೂರುತ್ತದೆ.

ಪಿಂಚಣಿಯ 36 ಪೈಸೆಯ ವಿಷಯ ಇದಕ್ಕಿಂತ ಇರುಸುಮುರುಸಿನದ್ದು. 2025-26ಕ್ಕೆ 36, ಮರುವರ್ಷ 35, ಅದರ ಮುಂದಿನ ವರ್ಷ 34 ಪೈಸೆ. ಇಡೀ ಬದುಕು ಕಂಬ ಹತ್ತಿ ದುಡಿದ ಲೈನ್‌ಮನ್‌ಗೆ ಪಿಂಚಣಿ ಬೇಡ ಅನ್ನುವವರು ಯಾರೂ ಇಲ್ಲ. ಆದರೆ ಇಲ್ಲಿ ವಸೂಲಿಯಾಗುತ್ತಿರುವುದು ಪಿಂಚಣಿ, ಗ್ರಾಚ್ಯುಟಿ ವಂತಿಗೆಯಲ್ಲಿ ಸರ್ಕಾರದ ಪಾಲು. ಖಜಾನೆಯಿಂದ ಬರಬೇಕಿದ್ದ ದುಡ್ಡು ಕರೆಂಟ್ ಬಿಲ್ಲಿಗೆ ಸರಿದಿದೆ. ತೆರಿಗೆಯಾಗಿ ಬಂದಿದ್ದರೆ ವಿಧಾನಸಭೆಯಲ್ಲಿ ಚರ್ಚೆಯಾಗುತ್ತಿತ್ತು. ಸರ್‌ಚಾರ್ಜ್ ಆಗಿ ಬಂದದ್ದರಿಂದ ಬಿಲ್ಲಿನಲ್ಲಿ ಒಂದು ಸಾಲು, ಅಷ್ಟೇ.

ಹಳೆ ಕೊರತೆಯನ್ನು ಮುಂದಕ್ಕೆ ತಳ್ಳುವ ಅಭ್ಯಾಸದ ಬಗ್ಗೆಯೂ ಒಂದು ಮಾತು. ಚುನಾವಣೆ ಹತ್ತಿರ ಬಂದಾಗ ಏರಿಕೆ ತಡೆದು, ಕೊರತೆಯನ್ನು ‘ನಿಯಂತ್ರಣ ಆಸ್ತಿ’ ಅಂತ ಪುಸ್ತಕದಲ್ಲಿ ಬರೆದಿಡುವುದು ಹಲವು ರಾಜ್ಯಗಳಲ್ಲಿ ನಡೆದಿದೆ. ಹೆಸರು ಆಸ್ತಿ, ಅಸಲಿಗೆ ಅದು ಗ್ರಾಹಕರ ತಲೆಮೇಲಿನ ಸಾಲ, ಬಡ್ಡಿ ಸಮೇತ. ಇಂಥ ಕೊರತೆ ವಾರ್ಷಿಕ ಅಗತ್ಯದ ಶೇ 3 ಮೀರಬಾರದು ಅಂತ 2024ರಲ್ಲಿ ಕೇಂದ್ರ ನಿಯಮ ತಂದಿತು. 2025ರ ಆಗಸ್ಟ್ 6ರಂದು ಸುಪ್ರೀಂ ಕೋರ್ಟ್ ಕೂಡ ಹಳೆಯದನ್ನು ಕಾಲಮಿತಿಯಲ್ಲಿ ತೀರಿಸಿ ಅಂದಿದೆ. ಹಾಗಾಗಿ ‘ಈ ವರ್ಷ ಏರಿಕೆ ಇಲ್ಲ’ ಅನ್ನುವ ಸುದ್ದಿ ಬಂದರೆ, ಕೊರತೆ ಕಡಿಮೆಯಾಯಿತೋ ಇಲ್ಲ ಮುಂದಕ್ಕೆ ಹೋಯಿತೋ ಅಂತ ನೋಡಬೇಕು.

ವಿಚಾರಣೆಗೆ ಹೋದರೆ ಏನು ಕೇಳೋದು

ಆಯೋಗ ಎಸ್ಕಾಂವಾರು ಸಾರ್ವಜನಿಕ ವಿಚಾರಣೆ ನಡೆಸುತ್ತದೆ. ಕೈಗಾರಿಕೆ ಸಂಘಗಳು ವಕೀಲರನ್ನು, ಲೆಕ್ಕಿಗರನ್ನು ಕರೆತರುತ್ತವೆ. ರೈತ ಸಂಘದವರು ತ್ರೀಫೇಸ್ ಯಾವ ಹೊತ್ತಿಗೆ ಕೊಡುತ್ತೀರಿ, ಸುಟ್ಟ ಟಿಸಿ ಬದಲಿಸಲು ಎಷ್ಟು ದಿನ ಅಂತ ಪಟ್ಟು ಹಿಡಿಯುತ್ತಾರೆ. ಮನೆ ಗ್ರಾಹಕರು ಎಲ್ಲರಿಗಿಂತ ಹೆಚ್ಚಿದ್ದರೂ ಸಭೆಯಲ್ಲಿ ಅವರ ದನಿ ಕೇಳುವುದು ಅಪರೂಪ.

ಬರೆಯುವುದಾದರೆ ‘ದರ ಏರಿಸಬೇಡಿ’ ಅಂತ ಮಾತ್ರ ಬರೆದು ಪ್ರಯೋಜನವಿಲ್ಲ. ಅದಕ್ಕೆ ಎಸ್ಕಾಂ ಕೊಡುವ ಉತ್ತರ ಸಿದ್ಧವಾಗಿಯೇ ಇರುತ್ತದೆ: ಖರ್ಚು ಏರಿದೆ. ಉತ್ತರ ಕೊಡಲೇಬೇಕಾದಂಥ ಪ್ರಶ್ನೆ ಹಾಕಿ. ಮಂಜೂರಾದ ಲೋಡ್‌ಗೂ ದಾಖಲಾದ ಬೇಡಿಕೆಗೂ ಮನೆ ವರ್ಗದಲ್ಲಿ ವ್ಯತ್ಯಾಸ ಎಷ್ಟಿದೆ? ತಿಂಗಳಿಗೆ 50 ಯೂನಿಟ್ ಬಳಸುವ, 100 ಬಳಸುವ, 300 ಬಳಸುವ ಮನೆಗಳ ಬಿಲ್ ಪ್ರಸ್ತಾವದ ನಂತರ ಎಷ್ಟೆಷ್ಟು ಶೇಕಡಾ ಏರುತ್ತದೆ? ಫೀಡರ್ ಆಡಿಟ್ ಎಷ್ಟು ಫೀಡರ್‌ಗೆ ಮುಗಿದಿದೆ? ಕಳೆದ ಆದೇಶದಲ್ಲಿ ಆಯೋಗ ಕೊಟ್ಟ ಸೂಚನೆಗಳಲ್ಲಿ ಯಾವುದು ಪಾಲನೆಯಾಗಿಲ್ಲ? ಸರ್ಕಾರದಿಂದ ಬರಬೇಕಾದ ಸಬ್ಸಿಡಿ ಬಾಕಿ ಎಷ್ಟು?

ಎರಡನೇ ಪ್ರಶ್ನೆಯನ್ನು ನಾನಾದರೆ ಬಿಡುವುದೇ ಇಲ್ಲ. ಸರಾಸರಿ ಪೈಸೆಯ ಬದಲು ಬಳಕೆವಾರು ಬಿಲ್ ತೋರಿಸಿ ಅಂದರೆ, ಮೇಲೆ ಹಾಕಿದ ಲೆಕ್ಕವನ್ನು ಎಸ್ಕಾಂ ತಾನೇ ಹಾಕಿ ತೋರಿಸಬೇಕಾಗುತ್ತದೆ.

ಆಕ್ಷೇಪಣೆ ಸಲ್ಲಿಸುವ ಕೊನೆ ದಿನ, ವಿಳಾಸ, ಪ್ರಮಾಣಪತ್ರ ಹೇಗಿರಬೇಕು ಅನ್ನುವ ವಿವರ ಪತ್ರಿಕೆಯಲ್ಲಿ ಬರುವ ಎಸ್ಕಾಂ ಪ್ರಕಟಣೆಯಲ್ಲೇ ಇರುತ್ತದೆ. ಒಂದು ಪ್ರತಿ ಎಸ್ಕಾಂಗೂ ಹೋಗಬೇಕು. ಬಂದ ಆಕ್ಷೇಪಣೆಗಳು, ಅವುಗಳಿಗೆ ಎಸ್ಕಾಂ ಉತ್ತರ, ಆಯೋಗದ ಅಭಿಪ್ರಾಯ ಮೂರೂ ಅಂತಿಮ ಆದೇಶದಲ್ಲಿ ಅಚ್ಚಾಗುತ್ತವೆ. ಆ ಆದೇಶವೂ ಸರಿ ಇಲ್ಲ ಅನ್ನಿಸಿದರೆ, ಕಾಯ್ದೆಯ 111ನೇ ಸೆಕ್ಷನ್ ಪ್ರಕಾರ ದೆಹಲಿಯ ವಿದ್ಯುತ್ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಲು ಆದೇಶದ ಪ್ರತಿ ಸಿಕ್ಕ ದಿನದಿಂದ 45 ದಿನ ಸಮಯ ಇದೆ.